ತಾಂಡೇಲನ ಮಾತು ಮೀರಬೇಡಿ

ಡಿಸೆಂಬರ್ ರಜೆಗೆ ನಿಮ್ಮ ಪಟಾಲಂ ಕಾರವಾರಕ್ಕೆ ಬರುತ್ತದಂತೆ. ದೋಣಿಯಲ್ಲಿ ಹೋಗಿ ಗಾಳ ಹಾಕುವುದೂ ಆಗಬೇಕು, ಡಾಲ್ಫಿನ್ ನೋಡುವುದೂ ಆಗಬೇಕು ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಬನ್ನಿ, ಕಾಲವನ್ನಂತೂ ಸರಿಯಾಗಿಯೇ ಆರಿಸಿಕೊಂಡಿದ್ದೀರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಆಮೇಲೂ ಕಡಲಿನ ಸಿಟ್ಟು ಇಳಿಯಲು ಅಕ್ಟೋಬರ್ ಕಳೆಯಬೇಕು. ಡಿಸೆಂಬರಿನ ಬೆಳಗು ಹೊಸಬರಿಗೆ ಹೇಳಿ ಮಾಡಿಸಿದ್ದು.

ಬೆಳಗು ಎಂದೆ, ನೆನಪಿರಲಿ. ಒಂಬತ್ತಕ್ಕೆ ಇಡ್ಲಿ ತಿಂದು, ಹತ್ತಕ್ಕೆ ಹೊರಟು, ಸೆಲ್ಫಿ ತೆಗೆದುಕೊಂಡು ಹೋಗುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ರಾತ್ರಿ ನೆಲ ತಣ್ಣಗಾಗಿ ನಸುಕಿನವರೆಗೂ ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತಿರುತ್ತದೆ, ನೀರು ಸಪಾಟಾಗಿರುತ್ತದೆ. ಬಿಸಿಲು ಏರಿ ನೆಲ ಕಾದಂತೆ ಗಾಳಿ ದಿಕ್ಕು ಬದಲಿಸಿ ಕಡಲಿನಿಂದ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಸಣ್ಣ ಸಣ್ಣ ಅಲೆಗಳು ಎದ್ದು ದೋಣಿಯ ಪಕ್ಕೆಗೆ ಬಡಿಯತೊಡಗುತ್ತವೆ. ಆಗ ಡಾಲ್ಫಿನ್ ಬೆನ್ನು ಯಾವುದು, ಅಲೆಯ ತುದಿ ಯಾವುದು ಎಂದು ನನಗೂ ಗೊತ್ತಾಗುವುದಿಲ್ಲ. ಆರೂವರೆಗೆ ದೋಣಿಯಲ್ಲಿರಿ, ಹನ್ನೊಂದರೊಳಗೆ ದಡಕ್ಕೆ ಬನ್ನಿ.

ಸಾಮಾನು ಕಟ್ಟುವುದಕ್ಕಿಂತ ಮೊದಲು ತಾಂಡೇಲನ, ಅಂದರೆ ದೋಣಿ ನಡೆಸುವವನ ಜೊತೆ ಮಾತಾಡಬೇಕು. ಹಿಂದಿನ ದಿನವೇ ಜೆಟ್ಟಿಗೆ ಹೋಗಿ ದೋಣಿ ನೋಡಿ. ಎಷ್ಟು ಜನಕ್ಕೆ ಪರವಾನಗಿ, ಎಷ್ಟು ಲೈಫ್ ಜಾಕೆಟ್, ಮಕ್ಕಳ ಅಳತೆಯದು ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಇದರಲ್ಲಿ ಸಂಕೋಚ ಬೇಡ. 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ಹೋದರು, ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು. ನೀವು ಹೋಗುವುದೂ ಅದೇ ನೀರಿಗೆ. ಮಗುವಿಗೆ ಜಾಕೆಟ್ ತೊಡಿಸಿ, ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಿರಿ. ಅದು ಗಲ್ಲ ದಾಟಿ ಕಿವಿಯವರೆಗೆ ಬಂದರೆ ಆ ಜಾಕೆಟ್ ಲೆಕ್ಕಕ್ಕಿಲ್ಲ. ಕಡಲಲ್ಲಿ ಆಪತ್ತು ಬಂದರೆ ಕೋಸ್ಟ್ ಗಾರ್ಡ್‌ನ ಸಂಖ್ಯೆ 1554, ಕರಾವಳಿ ಕಾವಲು ಪೊಲೀಸರದ್ದು 1093. ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಹಾಗೆಯೇ ತಾಂಡೇಲ ಬೆಳಿಗ್ಗೆ ನೀರು ನೋಡಿ "ಇವತ್ತು ಬೇಡ" ಎಂದರೆ ಬೇಡ ಎಂದೇ ಅರ್ಥ. ನಾವು ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಲ್ಲಿ ಬಂದಿದ್ದೇವೆ ಎನ್ನುವುದು ಕಡಲಿಗೆ ಸಂಬಂಧವಿಲ್ಲದ ವಿಷಯ. ಹೈದರಾಬಾದಿನ ಇಂಕಾಯಿಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ, ಹಿಂದಿನ ಸಂಜೆಯೇ ನೋಡಿಕೊಳ್ಳಬಹುದು. ಆದರೆ ಕಡೆಯ ಮಾತು ಆತನದೇ.

ಇನ್ನು ಡಾಲ್ಫಿನ್. ಟಿವಿಯಲ್ಲಿ ಕಂಡ ಹಾಗೆ ಬಳೆಯೊಳಗಿಂದ ಹಾರುವ ಜಾತಿ ಇದಲ್ಲ. ಕಾಳಿ ನದಿ ಕಡಲು ಸೇರುವ ಕಡೆ, ದೇವಬಾಗದ ಎದುರು, ಕೂರ್ಮಗಡದ ಸುತ್ತ ಕಾಣುವುದು ಹಂಪ್‌ಬ್ಯಾಕ್ ಡಾಲ್ಫಿನ್. ಸೀಸದ ಬಣ್ಣ, ಬೆನ್ನ ಮೇಲೊಂದು ದಿಬ್ಬ, ದಿಬ್ಬದ ಮೇಲೆ ಚಿಕ್ಕ ಈಜುರೆಕ್ಕೆ. ದಡಕ್ಕೆ ಹತ್ತಿರದ ಕಡಿಮೆ ಆಳದ ನೀರು, ಅದರಲ್ಲೂ ನದಿ ಬಾಯಿ, ಇದಕ್ಕೆ ಇಷ್ಟ. ಮನುಷ್ಯರ ಬಲೆ, ದೋಣಿ, ಕೊಳೆ ಎಲ್ಲ ಇರುವುದೂ ಅಲ್ಲೇ ಆದ್ದರಿಂದ ಅಳಿವಿನ ಅಂಚಿನ ಪ್ರಾಣಿಗಳ ಜಾಗತಿಕ ಪಟ್ಟಿ ಸೇರಿದೆ. ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆಯೂ ಇದೆ. ಮೆಲ್ಲಗೆ ಉರುಳಿದಂತೆ ಮೇಲೆ ಬಂದು, ಫುಸ್ ಎಂದು ಉಸಿರು ಬಿಟ್ಟು, ಮತ್ತೆ ಒಳಗೆ. ಮುಂದಿನ ಸಲ ಎಲ್ಲಿ ಏಳುತ್ತದೆ ಎನ್ನುವುದು ಅದಕ್ಕೇ ಗೊತ್ತು. ಎಂಜಿನ್ ಬಂದ್ ಮಾಡಿಸಿ ಕಿವಿಗೊಟ್ಟರೆ ಕಾಣುವ ಮೊದಲೇ ಆ ಉಸಿರು ಕೇಳುತ್ತದೆ.

ಇಲ್ಲೇ ನಿಮ್ಮಂಥವರು ಕೆಡಿಸುವುದು. "ಇನ್ನೂ ಹತ್ತಿರ ಬಿಡಿ ಅಣ್ಣಾ, ಇನ್ನೂರು ಜಾಸ್ತಿ ಕೊಡುತ್ತೇವೆ" ಎನ್ನುವವರು ಪ್ರವಾಸಿಗರೇ ಹೊರತು ದೋಣಿಯವರಲ್ಲ. ಆತನಿಗೂ ಸಂಸಾರವಿದೆ, ಬೆನ್ನಟ್ಟುತ್ತಾನೆ. ಎದುರಿನಿಂದ ಒಂದು ದೋಣಿ, ಹಿಂದಿನಿಂದ ಇನ್ನೊಂದು, ನಡುವೆ ತಾಯಿ ಮರಿ. ಹಿಂದಿನ ದಿನ ಮಾತಾಡುವಾಗಲೇ ಹೇಳಿಬಿಡಿ: ಡಾಲ್ಫಿನ್ ಕಾಣದಿದ್ದರೂ ಪೂರ್ತಿ ಹಣ ಕೊಡುತ್ತೇವೆ, ಬೆನ್ನಟ್ಟುವುದು ಬೇಡ, ಐವತ್ತು ಮೀಟರ್ ದೂರದಲ್ಲಿ ಸಮಾನಾಂತರವಾಗಿ ನಿಧಾನ ಹೋದರೆ ಸಾಕು. ಈ ಒಂದು ಮಾತಿನಿಂದ ಆತನ ಮುಖವೇ ಬದಲಾಗುತ್ತದೆ. ಆಮೇಲೆ ನೀವು ಕೇಳದಿದ್ದದ್ದನ್ನೂ ತೋರಿಸುತ್ತಾನೆ.

ಕಂಡಾಗ "ಅಲ್ಲಿ ಅಲ್ಲಿ!" ಎಂದು ಕೂಗಿ ಪ್ರಯೋಜನವಿಲ್ಲ, ಕಡಲೆಲ್ಲ ಅಲ್ಲಿಯೇ. ದೋಣಿಯ ಮೂತಿಯನ್ನು ಗಡಿಯಾರದ ಹನ್ನೆರಡು ಎಂದಿಟ್ಟುಕೊಂಡು "ಮೂರು ಗಂಟೆಯ ಕಡೆ" ಎನ್ನಿ, ಎಲ್ಲರಿಗೂ ಸಿಗುತ್ತದೆ. ಆದರೆ ಎಲ್ಲರೂ ಎದ್ದು ಆ ಮಗ್ಗುಲಿಗೆ ಓಡಬೇಡಿ. ಸಣ್ಣ ದೋಣಿ ವಾಲುವುದು ಹೀಗೆಯೇ. ದುರ್ಬೀನು ತರುವುದಾದರೆ ಎಂಟು ಪಟ್ಟಿನದು ಸಾಕು. ಅದಕ್ಕಿಂತ ಹೆಚ್ಚಿನದು ಓಲಾಡುವ ದೋಣಿಯಲ್ಲಿ ತಲೆನೋವು. ಡಾಲ್ಫಿನ್ ಸಿಗದಿದ್ದರೆ ಆಕಾಶ ನೋಡಿ. ಬಿಳಿ ಎದೆಯ ಕಡಲ ಹದ್ದು, ಕೆಂಗಂದು ಗರುಡ, ಚಳಿಗಾಲಕ್ಕೆ ಉತ್ತರದಿಂದ ಬಂದ ಕಡಲಕ್ಕಿಗಳು ಕಾಣುತ್ತವೆ. ಪುಟ್ಟ ರೀವ ಹಕ್ಕಿಗಳು ಒಂದೇ ಕಡೆ ಗುಂಪಾಗಿ ನೀರಿಗೆ ಬೀಳುತ್ತಿದ್ದರೆ ಕೆಳಗೆ ಮೀನಿನ ಹಿಂಡಿದೆ ಎಂದು ತಿಳಿಯಿರಿ. ಗಾಳದವರಿಗೂ ಡಾಲ್ಫಿನ್ನಿಗೂ ಅದೇ ಸುದ್ದಿ.

ನೌಕಾನೆಲೆ ಪಕ್ಕದಲ್ಲೇ ಇದೆ. ಗುರುತಿನ ಚೀಟಿ ಜೇಬಿನಲ್ಲಿರಲಿ, ಡ್ರೋನ್ ಮನೆಯಲ್ಲಿರಲಿ.

ಹೊಟ್ಟೆಯ ವಿಷಯ. ಖಾಲಿ ಹೊಟ್ಟೆಯೂ ಬೇಡ, ಬನ್ಸು ಮೂರು ತಿಂದ ಹೊಟ್ಟೆಯೂ ಬೇಡ. ವಾಂತಿಯಾಗುವವರು ವೈದ್ಯರನ್ನು ಕೇಳಿ ಮಾತ್ರೆಯನ್ನು ಹೊರಡುವ ಒಂದು ಗಂಟೆ ಮುಂಚೆ ನುಂಗಬೇಕು. ಕಡಲಿಗಿಳಿದ ಮೇಲೆ ನುಂಗಿದ್ದು ಮೀನಿಗೆ. ದೋಣಿಯ ನಡುಭಾಗದಲ್ಲಿ, ಡೀಸೆಲ್ ಹೊಗೆಯಿಂದ ದೂರ ಕುಳಿತು ದಿಗಂತ ನೋಡುತ್ತಿರಿ. ಫೋನ್ ನೋಡಿದರೆ ಮುಗಿಯಿತು. ಆದರೂ ತಡೆಯದಿದ್ದರೆ ಗಾಳಿ ಹೋಗುವ ದಿಕ್ಕಿನ ಬದಿಗೆ ಬಾಗಿ, ಎದುರು ಬದಿಗಲ್ಲ. ಉಳಿದಂತೆ ದಾರ ಕಟ್ಟಿದ ಟೋಪಿ, ಬೇಗ ಒಣಗುವ ತುಂಬುತೋಳಿನ ಅಂಗಿ, ಜಾರದ ರಬ್ಬರ್ ಚಪ್ಪಲಿ, ಕುಡಿಯುವ ನೀರು ಇದ್ದರೆ ಸಾಕು.

ಗಾಳ ಹಾಕುವ ಜಾಗವನ್ನೂ ತಾಂಡೇಲನಿಗೇ ಬಿಡಿ. ಬಂಡೆಯ ಬಳಿ ಲಂಗರು ಹಾಕಿದರೆ ಸಿಗಡಿ ಸಿಕ್ಕಿಸಿದ ಕೈದಾರಕ್ಕೆ ಕೆಂಬೇರಿಯೋ ಮುರುವೋ ಬಿದ್ದೀತು. ದಾರವನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ. ದೊಡ್ಡದು ಎಳೆದರೆ ಚರ್ಮ ಸೀಳುತ್ತದೆ. ಇಕ್ಕಳದಿಂದ ಗಾಳದ ಮುಳ್ಳನ್ನು ಮೊದಲೇ ಒತ್ತಿಬಿಟ್ಟರೆ ಮರಿ ಮೀನು ಬಿಡುವುದೂ ಸುಲಭ, ನಿಮ್ಮದೇ ಬೆರಳಿಗೆ ಚುಚ್ಚಿದರೆ ತೆಗೆಯುವುದೂ ಸುಲಭ. ಮೀಸೆಯ ಶೇಡೆ ಬಂದರೆ ಕೈ ಹಾಕದೆ ತಾಂಡೇಲನಿಗೆ ಕೊಡಿ, ಅದರ ರೆಕ್ಕೆಯ ಮುಳ್ಳಿನಲ್ಲಿ ನಂಜಿದೆ. ಚುಚ್ಚಿಯೇಬಿಟ್ಟರೆ ಸಹಿಸುವಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಅದ್ದಿಡಬೇಕು, ಬಿಸಿಗೆ ಆ ನಂಜು ಮುರಿಯುತ್ತದೆ. ಆಮೇಲೆ ವೈದ್ಯರು. ಹೊಟ್ಟೆ ಉಬ್ಬಿಸಿಕೊಳ್ಳುವ ಮೀನನ್ನು ಮಾತ್ರ ನೀರಿಗೇ ಬಿಡಿ, ಅದರ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಡಾಲ್ಫಿನ್ ಎದ್ದರೆ, ಆಮೆ ಕಂಡರೆ ಎಲ್ಲರ ದಾರವೂ ಮೇಲೆ ಬರಬೇಕು, ಎಷ್ಟೇ ಮೀನು ಕಚ್ಚುತ್ತಿರಲಿ.

ಹಿಡಿದದ್ದು ತಕ್ಷಣ ಐಸಿಗೆ ಹೋಗಲಿ. ಬಂಗುಡೆ ಜಾತಿಯ ಮೀನು ಬಿಸಿಲಲ್ಲಿ ಬಿದ್ದರೆ ಹಿಸ್ಟಮಿನ್ ಬೆಳೆದು ತಿಂದವರ ಮೈಯೆಲ್ಲ ಕೆಂಪಗಾಗಿಸುತ್ತದೆ, ಅದಕ್ಕೂ ಒಲೆಯಲ್ಲಿ ಮದ್ದಿಲ್ಲ. ಏನೂ ಸಿಗದೆ ಬರಿಗೈಯಲ್ಲಿ ಬಂದರೆ ಪೇಟೆಯ ಮೀನುಗಾರ್ತಿಯರ ಬಳಿ ಒಳ್ಳೆಯ ನೋಗ್ಲಿ ಸಿಗುತ್ತದೆ. ಚೌಕಾಸಿ ಮಾಡದೆ ತಂದುಕೊಡಿ, ನಿಮ್ಮ ಅಜ್ಜಿ ರವೆ ಹಚ್ಚಿ ಹುರಿಯುತ್ತಾಳೆ. ಬೆಂಗಳೂರಿಗೆ ಹೋಗಿ ನೀವೇ ಹಿಡಿದದ್ದು ಎಂದು ಹೇಳಿಕೊಳ್ಳಿ, ನಾನೇನೂ ಬಾಯಿ ಬಿಡುವುದಿಲ್ಲ.