ದೊಡ್ಡ ಟೈರು, ಸುಳ್ಳು ಮುಳ್ಳು

ಸಿರುಗುಪ್ಪದ ಗದ್ದೆಬದಿಯ ಎರೆಮಣ್ಣಿಗೆ, ಕುರುಗೋಡಿನ ಕಚ್ಚಾದಾರಿಗೆ ಕಾರು ಎತ್ತರವಿರಲೆಂದು ಬಳ್ಳಾರಿಯಲ್ಲಿ ದೊಡ್ಡ ಟೈರು ಹಾಕಿಸುವ ಮುನ್ನ ಹಳೆಯದರ ಮೇಲಿನ ಅಂಕಿ ಓದಿ. 185/65 ಆರ್15 ಎಂದರೆ ಅಗಲ 185 ಮಿ.ಮೀ., ಪಕ್ಕದ ಎತ್ತರ ಅದರ ಶೇ. 65, ರಿಮ್ಮು 15 ಇಂಚು, ವ್ಯಾಸ 621.5 ಮಿ.ಮೀ. ಅದೇ ರಿಮ್ಮಿಗೆ 205/65 ಹಾಕಿದರೆ 647.5. ಸ್ಪೀಡೋಮೀಟರ್ ಎಣಿಸುವುದು ಸುತ್ತುಗಳನ್ನು, ರಸ್ತೆಯನ್ನಲ್ಲ. ಮುಳ್ಳು 80ರಲ್ಲಿದ್ದಾಗ ಚಕ್ರ 83 ದಾಟಿಸಿರುತ್ತದೆ. ಓಡಿದ ಕಿಲೋಮೀಟರೂ ಕಡಿಮೆ ದಾಖಲಾಗಿ, ಮೈಲೇಜ್ ಬಿತ್ತೆಂದು ಮೆಕ್ಯಾನಿಕ್ಕನ್ನು ಬೈಯುತ್ತೀರಿ!

ಮುಳ್ಳು ಮೊದಲೇ ತುಸು ಹೆಚ್ಚು ತೋರಿಸುತ್ತದಲ್ಲ ಎನ್ನಬಹುದು. ನಿಜ, ಆದರೆ ಆ ಅಂಚು ಇರುವುದು ನಿಮ್ಮ ಸುರಕ್ಷತೆಗೆ. ಅದನ್ನು ಕರಗಿಸಿ ಗಳಿಸುವ ಎತ್ತರ ಬರೀ 13 ಮಿ.ಮೀ.; ಮೇಲಾಗಿ ಐದು ಜನ ಕೂತು ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಕವಚಕ್ಕೆ ಉಜ್ಜಲೂಬಹುದು. ಅಂದದ ಅಲಾಯ್ ಬೇಕೇ? 165/80 ಆರ್14ರ ಬದಲು 185/65 ಆರ್15 ನೋಡಿ; ವ್ಯಾಸದ ವ್ಯತ್ಯಾಸ 2 ಮಿ.ಮೀ.ಗೂ ಕಡಿಮೆ. ಅಗಲಕ್ಕೆ ಜಾಗವಿದೆಯೇ ಎಂಬುದನ್ನು ಮಾತ್ರ ಹಾಕಿಸಿ, ತಿರುಗಿಸಿ ನೋಡಿಯೇ ದುಡ್ಡು ಕೊಡಿ.