ಹೊಳಪಿಗಿಂತ ಮೊದಲು ಅಗತ್ಯ ನೋಡಿ

ಕಾರು ತೊಳೆಯಲು ಏನು ಕೊಳ್ಳಬೇಕೆಂದು ಅಂಗಡಿಯವರನ್ನು ಕೇಳುವ ಮೊದಲು, ಅದು ಎಲ್ಲಿ ನಿಲ್ಲುತ್ತದೆ, ಯಾವ ನೀರಿನಲ್ಲಿ ತೊಳೆಯುತ್ತೀರಿ ಎಂದು ಯೋಚಿಸಿ. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡವೇ ಬೇಡ. ಜಿಡ್ಡಿನ ಜೊತೆಗೆ ವ್ಯಾಕ್ಸನ್ನೂ ಅದು ತೆಗೆದುಬಿಡುತ್ತದೆ. ಪಿಎಚ್ ನ್ಯೂಟ್ರಲ್ ಎಂದು ಬರೆದಿರುವ ಸಾಧಾರಣ ಕಾರ್ ಶಾಂಪೂ ಸಾಕು. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಬರುವುದು ಬೋರ್‌ವೆಲ್‌ನ ಗಡಸು ನೀರು. ಅದು ಬಿಸಿಲಲ್ಲಿ ಒಣಗಿದರೆ ಬಿಳಿ ಕಲೆ ಕಚ್ಚಿಕೊಳ್ಳುತ್ತದೆ. ಇದಕ್ಕೆ ದುಬಾರಿ ಶಾಂಪೂ ಮದ್ದಲ್ಲ. ನೆರಳಲ್ಲಿ ತೊಳೆದು, ದಪ್ಪನೆಯ ಮೈಕ್ರೋಫೈಬರ್ ಬಟ್ಟೆಯಿಂದ ಕೂಡಲೇ ಒರೆಸಿ. ನನ್ನನ್ನು ಕೇಳಿದರೆ, ಹಣ ಹಾಕಬೇಕಾದದ್ದು ಆ ಬಟ್ಟೆಗೆ.

ಪಾಲಿಶ್ ಮತ್ತು ವ್ಯಾಕ್ಸ್ ಒಂದೇ ಅಲ್ಲ. ಪಾಲಿಶ್‌ನ ಸಣ್ಣ ಕಣಗಳು ಗೀರು ಮರೆಸುವಾಗ ಬಣ್ಣದ ಮೇಲಿನ ತೆಳು ಕ್ಲಿಯರ್ ಕೋಟನ್ನು ಪ್ರತಿ ಸಲವೂ ಚೂರು ಸವೆಸುತ್ತವೆ. ವ್ಯಾಕ್ಸ್ ಮಾತ್ರ ಮೇಲೊಂದು ಪದರವಾಗಿ ಕೂತು ಕಾಯುತ್ತದೆ. ಗೀರಿಲ್ಲದ ಹೊಸ ಕಾರಿಗೆ ವ್ಯಾಕ್ಸ್ ಅಷ್ಟೇ ಸಾಕು. ಉಡುಪಿ, ಕಾರವಾರದಂಥ ಕಡಲತಡಿಯವರು ಅಡಿಭಾಗದ ಆಂಟಿ ರಸ್ಟ್ ಕೋಟಿಂಗ್ ಮರೆಯಬಾರದು. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.

ಡ್ಯಾಶ್‌ಬೋರ್ಡಿಗೆ ಮಿಂಚುವ ಸ್ಪ್ರೇ ಹಾಕಿದರೆ ಬಿಸಿಲಲ್ಲಿ ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಮೂಡಿ ರಸ್ತೆ ಮಸುಕಾಗುತ್ತದೆ. ದಯವಿಟ್ಟು ಮ್ಯಾಟ್ ಫಿನಿಶ್‌ನದನ್ನೇ ಕೇಳಿ ತನ್ನಿ.