ದೈವಶಾಸ್ತ್ರ ಓದಬೇಕೆ? ತಿಪಟೂರು ಸೀಮೆಯಿಂದ ಆರು ಹೆಜ್ಜೆ

ಪಿಯುಸಿ ಮುಗಿಸಿದ ಮಗನೋ ಮಗಳೋ ‘ದೈವಶಾಸ್ತ್ರ ಓದ್ತೀನಿ’ ಅಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಥೋಲಿಕ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಎಲ್ಲಿ, ಎಷ್ಟು ವರ್ಷ ಎಂಬುದು. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಇನ್ನೊಂದಿದೆ: ಓದಿ ಏನಾಗಬೇಕು? ಇದಕ್ಕೆ ಉತ್ತರ ಸಿಕ್ಕರೆ ಮಿಕ್ಕ ದಾರಿ ಸಲೀಸು.

1. ಗುರಿ ಗೊತ್ತುಮಾಡಿಕೊಳ್ಳಿ
ಗುರುಗಳಾಗಲು ಬಯಸುವವರು ನೇರವಾಗಿ ಕಾಲೇಜಿಗೆ ಅರ್ಜಿ ಹಾಕುವುದಿಲ್ಲ. ತುಮಕೂರು ಜಿಲ್ಲೆ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರಿದೆ. ಆದ್ದರಿಂದ ಮೊದಲು ನಿಮ್ಮ ಚರ್ಚಿನ ಫಾದರ್ ಅವರನ್ನು ಕಂಡು ಮಾತಾಡಿ. ಅಭ್ಯರ್ಥಿಯನ್ನು ಸೆಮಿನರಿಗೆ ಕಳಿಸುವುದು ಧರ್ಮಕ್ಷೇತ್ರ ಅಥವಾ ಸನ್ಯಾಸ ಸಭೆ. ಈ ಓದು ಗುರುಗಳಿಗಷ್ಟೇ ಮೀಸಲೆಂದು ತಿಳಿಯಬೇಡಿ. ಅರ್ಹತೆಯಿರುವ ಸಿಸ್ಟರುಗಳಿಗೂ ಗೃಹಸ್ಥರಿಗೂ ದೈವಶಾಸ್ತ್ರದ ಬಾಗಿಲು ತೆರೆದಿರಬೇಕೆಂದು ಚರ್ಚಿನ ನಿಯಮವೇ ಹೇಳುತ್ತದೆ.

2. ಸಂಸ್ಥೆಗಳನ್ನು ಕಂಡು ಬನ್ನಿ
ಮಲ್ಲೇಶ್ವರದ ಸೇಂಟ್ ಪೀಟರ್ಸ್ ಪೊಂಟಿಫಿಕಲ್ ಸೆಮಿನರಿಯ ಮೂಲ 1778ರ ಪುದುಚೇರಿಯಲ್ಲಿದೆ. ಅದು ಬೆಂಗಳೂರಿಗೆ ಬಂದದ್ದು 1934ರಲ್ಲಿ. ಹೊಸೂರು ರಸ್ತೆಯ ಧರ್ಮಾರಾಮ್ ವಿದ್ಯಾಕ್ಷೇತ್ರ ಸಿಎಂಐ ಸನ್ಯಾಸ ಸಭೆಯದು. ಪಕ್ಕದಲ್ಲೇ ಇರುವ ಕ್ರೈಸ್ಟ್ ವಿಶ್ವವಿದ್ಯಾಲಯವೂ ಅದೇ ಸಭೆಯದಾದರೂ ಎರಡರ ಅರ್ಜಿ, ಪದವಿ ಬೇರೆ ಬೇರೆ, ಗೊಂದಲ ಮಾಡಿಕೊಳ್ಳಬೇಡಿ. ತಿಪಟೂರಿನಿಂದ ರೈಲಿನಲ್ಲಿ ಹೊರಟು ಯಶವಂತಪುರದಲ್ಲಿ ಇಳಿದರೆ ಮಲ್ಲೇಶ್ವರ ಹತ್ತಿರ. ತುರುವೇಕೆರೆಯವರು ಬಾಣಸಂದ್ರದಲ್ಲಿ ರೈಲು ಹತ್ತಬಹುದು.

3. ವರ್ಷಗಳ ಲೆಕ್ಕ ಹಾಕಿ
ಮೊದಲ ಪದವಿಯಾದ ಬ್ಯಾಕಲೊರಿಯೇಟ್‌ಗೆ ಐದು ವರ್ಷ. ಎರಡು ವರ್ಷ ತತ್ವಶಾಸ್ತ್ರ ಮೊದಲೇ ಓದಿದ್ದರೆ ಮೂರು. ಆಮೇಲೆ ಲೈಸೆನ್ಷಿಯೇಟ್‌ಗೆ ಎರಡು ವರ್ಷ, ಅದರ ಮುಂದೆ ಡಾಕ್ಟರೇಟ್. ಗುರುದೀಕ್ಷೆಯ ದಾರಿಯಲ್ಲಿ ಸೇವೆ, ತರಬೇತಿಗಳ ಅವಧಿಯೂ ಕೂಡಿಕೊಳ್ಳುತ್ತದೆ.

4. ಪದವಿಯ ಬೆಲೆ ತಿಳಿಯಿರಿ
ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಈ ಸಂಸ್ಥೆಗಳು ಕೊಡುವ ಪೊಂಟಿಫಿಕಲ್ ಪದವಿಗೆ ಮಾನ್ಯತೆ ಕೊಡುವುದು ವ್ಯಾಟಿಕನ್, ಯುಜಿಸಿ ಅಲ್ಲ. ಸೆಮಿನರಿಯಲ್ಲಿ ಪಾಠ ಹೇಳಲು ಅದು ಬೇಕು. ಸರ್ಕಾರಿ ನೌಕರಿಗೆ ಅದನ್ನೇ ನಂಬಿ ಕೂರಬೇಡಿ. ಗೃಹಸ್ಥರು ಮೊದಲು ಬಿಎ ಅಥವಾ ಬೇರೊಂದು ಪದವಿ ಮುಗಿಸಿಕೊಂಡರೆ ಮುಂದೆ ಕೈ ಬರಿದಾಗದು. ಸರ್ಕಾರಿ ವಿಶ್ವವಿದ್ಯಾಲಯದ ಪದವಿಯೇ ಬೇಕೆನ್ನುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗವಿದೆ. ಡಿ.ಎಸ್. ಅಮಲೋರ್ಪವದಾಸ್ ಅವರಂಥ ವಿದ್ವಾಂಸರು ಮುನ್ನಡೆಸಿದ ವಿಭಾಗವದು.

5. ಕಾಗದಪತ್ರ, ಹಣ ಹೊಂದಿಸಿ
ದೀಕ್ಷಾಸ್ನಾನ ಮತ್ತು ದೃಢೀಕರಣದ ಪತ್ರ, ಫಾದರ್ ಅವರ ಶಿಫಾರಸು ಪತ್ರ, ಅಂಕಪಟ್ಟಿ, ಟಿಸಿ, ಆಧಾರ್ ಇವಿಷ್ಟನ್ನು ಒಂದು ಫೈಲಿಗೆ ಹಾಕಿಡಿ. ಎಲ್ಲದರಲ್ಲೂ ಹೆಸರು, ಜನ್ಮದಿನಾಂಕ ಒಂದೇ ಇರಲಿ. ವ್ಯತ್ಯಾಸವಿದ್ದರೆ ಅರ್ಜಿ ಹಾಕುವ ಮೊದಲೇ ತಿದ್ದಿಸಿಕೊಳ್ಳಿ. ಇನ್ನು ಹಣದ ಮಾತು: ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಉಂಡೆ ಕೊಬ್ಬರಿಯಾಗಿ ಕೈಗೆ ದುಡ್ಡು ಬರಲು ಹೆಚ್ಚುಕಡಿಮೆ ಒಂದು ವರ್ಷವೇ ಬೇಕು. ಆದ್ದರಿಂದ ಸ್ವಂತ ಖರ್ಚಿನಲ್ಲಿ ಓದುವವರು ಫೀಸು, ಹಾಸ್ಟೆಲ್ ಲೆಕ್ಕವನ್ನು ಹಿಂದಿನ ವರ್ಷದ ಕೊಯ್ಲಿನ ಹೊತ್ತಿಗೇ ಹಾಕಬೇಕು. ವಿದ್ಯಾರ್ಥಿವೇತನ ಉಂಟೇ ಎಂದು ಕಚೇರಿಯಲ್ಲಿ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ.

6. ಭಾಷೆ ಹದ ಮಾಡಿಕೊಳ್ಳಿ
ಪಾಠ ನಡೆಯುವುದು ಇಂಗ್ಲಿಷಿನಲ್ಲಿ. ಮುಂದೆ ಲ್ಯಾಟಿನ್, ಗ್ರೀಕ್, ಹೀಬ್ರೂ ಪರಿಚಯವೂ ಬೇಕಾಗುತ್ತದೆ. ಕನ್ನಡ ಮಾಧ್ಯಮದವರು ಈಗಿನಿಂದಲೇ ದಿನಕ್ಕೆ ಎರಡು ಪುಟ ಇಂಗ್ಲಿಷ್ ಓದಿ, ಅದರ ಸಾರವನ್ನು ಕನ್ನಡದಲ್ಲಿ ಬರೆಯಿರಿ. 73 ಗ್ರಂಥಗಳಿರುವ ಕಥೋಲಿಕ ಆವೃತ್ತಿಯ ಕನ್ನಡ ಬೈಬಲ್ ಜೊತೆಗಿರಲಿ.

ಈ ಕನ್ನಡ ಅಭ್ಯಾಸವನ್ನು ಬೆಂಗಳೂರಿಗೆ ಹೋದ ಮೇಲೂ ಬಿಡಬೇಡಿ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಪೂಜಾವಿಧಿಗೆ ಜನರಾಡುವ ಭಾಷೆಗಳನ್ನು ಬರಮಾಡಿಕೊಂಡಿತು. ಹಾಗಾಗಿಯೇ ಇಂದು ನಮ್ಮ ಪೂಜೆ ಕನ್ನಡದಲ್ಲಿದೆ. ಹಾಗೆ ಒಳಬಂದ ಭಾಷೆಯಲ್ಲಿ ಆಲೋಚಿಸಿ, ಬರೆಯುವವರೂ ಬೇಕಲ್ಲ. ನೀವು ಓದಿದ್ದು ತೋಟದ ಕೆಲಸ ಮುಗಿಸಿ ಭಾನುವಾರ ಚರ್ಚಿಗೆ ಬರುವ ಅಜ್ಜಿಗೆ ಅವರ ಮಾತಿನಲ್ಲೇ ಅರ್ಥವಾಗಬೇಕು. ಬೆಂಗಳೂರಿನ ತರಗತಿಯಲ್ಲಿ ಕೂತಾಗಲೂ ಆ ಅಜ್ಜಿ ನಿಮ್ಮ ನೆನಪಿನಲ್ಲಿರಲಿ.